ತಾಮ್ರದ ಆನೆ

ಕಾವ್ಯವನ್ನು ವಿಮರ್ಶಿಸುವವರು ಅನೇಕರು. ನಾಣ್ಯವನ್ನು ವಿಮರ್ಶಿಸುವವರು ವಿರಳ. ನಾಣ್ಯವೆಂದರೆ ಸರಾಫನ ಸೊತ್ತು, ತಪ್ಪಿದರೆ ಪುರಾತತ್ತ್ವಜ್ಞನ ಸೊತ್ತು ಎಂದೆಣಿಸಿ ಸಾಹಿತ್ಯಾಭ್ಯಾಸಿಗಳು ಅದನ್ನು ದೂರವಿಟ್ಟಿರುವರು. ಆದರೆ ಅಂಗೈಯಲ್ಲಿ ಅಡಗುವ ಆ ಬಿಲ್ಲೆಯ ಮೇಲೆ ಚಿತ್ರವುಂಟು, ಅಕ್ಷರವುಂಟು. ಹೇಳಿದವನೊಬ್ಬನುಂಟು, ಕೇಳಬೇಕಾದವರು ಲಕ್ಷಾಂತರ ಜನರುಂಟು. ಹಿಂದುಮುಂದಿನ ಪದ್ಯಗಳ ಹಂಗಿಲ್ಲದೆ ತನ್ನಷ್ಟಕ್ಕೆ ತಾನೇ ಅರ್ಥವನ್ನು ಕೊಡುವ ಪದ್ಯಕ್ಕೆ ಆಲಂಕಾರಿಕರು ಮುಕ್ತಕವೆಂದು ಹೆಸರಿಟ್ಟರು. ಆ ಹೆಸರು ನಾಣ್ಯಕ್ಕೂ ಸಲ್ಲುವದು. ಮುಕ್ತಕವನ್ನು ಬೇಡವೆಂದವನು ಓದದೆ ಇರಬಹುದು. ನಾಣ್ಯವಾದರೋ ಕೇಳದೆಯೇ ಕೈಗೆ ಬರುವದು. ಉಪ್ಪು ಕೊಳ್ಳಬೇಕಾದವನು ಅರಸನ ಮಾತನ್ನು ಮುಟ್ಟಲೇಬೇಕು.

ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಮೂರು ವೃತ್ತಿಗಳು. ನಾಣ್ಯದ ಮೇಲಿನ ಬೆಲೆ, ವರ್ಷ, ಟಂಕಶಾಲೆಯ ಹೆಸರು ಇವು ವಾಚ್ಯಾರ್ಥ. ಸಿಂಹವೆಂದರೆ ಶೌರ್ಯ, ಆನೆಯೆಂದರೆ ಐಶ್ವರ್ಯ ಎಂಬುದು ಲಕ್ಷ್ಯಾರ್ಥ. ಯಾವದನ್ನು ಹೇಳಬಹುದಾಗಿದ್ದರೂ ಹೇಳದೆ ಬಿಟ್ಟಿದೆಯೋ ಅದರಿಂದ ಹೊಳೆಯುವದು ವ್ಯಂಗ್ಯಾರ್ಥ. ಅರಸರ ಮನಸ್ಸು ಮೊದಲೆರಡರಲ್ಲಿ ಅರ್ಧ ಕಂಡರೆ ಮೂರನೆಯದರಲ್ಲಿ ಪೂರ್ಣವಾಗಿ ಕಾಣುವದು. ಇನ್ನೊಂದು ಭೇದವನ್ನೂ ಮೊದಲೇ ಹೇಳಿಬಿಡಬೇಕು. ಕೌಟಿಲ್ಯನು ಬೆಳ್ಳಿಯ ಪಣದ ಕೆಳಗೆ ತಾಮ್ರದ ಮಾಷಕ, ಅರ್ಧಮಾಷಕ, ಕಾಕಣಿ, ಅರ್ಧಕಾಕಣಿಗಳನ್ನು ವಿಧಿಸಿದನು. ಬಂಗಾರವು ಭಂಡಾರಕ್ಕೆ ಹೋಗುವದು, ಬೆಳ್ಳಿಯು ಸಾಹುಕಾರನ ಪೆಟ್ಟಿಗೆಗೆ. ತಾಮ್ರವು ಮಾತ್ರ ಸಂತೆಯಲ್ಲಿಯೇ ಉಳಿಯುವದು. ಆದಕಾರಣ ಬಂಗಾರದ ನಾಣ್ಯವು ಅರಸನು ತನ್ನ ಸರಿಸಮಾನರೊಡನೆ ಆಡಿದ ಮಾತು. ತಾಮ್ರದ ನಾಣ್ಯವು ಅವನು ಪ್ರಜೆಗಳೊಡನೆ ಆಡಿದ ಮಾತು. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಅವು ಬೇರೆಯಾದಲ್ಲಿಯೇ ವಿಮರ್ಶಕನಿಗೆ ಕೆಲಸ.

ಈ ಭೇದವನ್ನು ಬಹು ಚೆನ್ನಾಗಿ ಬಲ್ಲವರು ರೋಮನರು. ಕ್ರಿಸ್ತಪೂರ್ವ 23ರ ಸುಮಾರಿಗೆ ಆಗಸ್ಟಸನು ತಾಮ್ರ, ಹಿತ್ತಾಳೆಗಳ ನಾಣ್ಯಪದ್ಧತಿಯನ್ನು ಹೊಸದಾಗಿ ಕಟ್ಟಿದನು. ಇಂದು ಸಂಗ್ರಾಹಕರು ಇವನ್ನೆಲ್ಲ ಒಟ್ಟಾಗಿ ರೋಮದ ಕಂಚಿನ ನಾಣ್ಯಗಳೆನ್ನುವರು. ಈ ಕಂಚಿನ ಹಿಂಬದಿಯಲ್ಲಿ ದೊಡ್ಡದಾಗಿ ಎರಡು ಅಕ್ಷರಗಳು: ಎಸ್, ಸಿ. ಸೆನೇಟ ಸಭೆಯ ನಿರ್ಣಯದಿಂದ ಎಂಬುದು ಅವುಗಳ ಅರ್ಥ. ಚಕ್ರವರ್ತಿಯ ಬಂಗಾರ ಬೆಳ್ಳಿಗಳ ಮೇಲೆ ಸಾಮಾನ್ಯವಾಗಿ ಈ ಅಕ್ಷರಗಳಿಲ್ಲ. ಸೈನ್ಯವೆಲ್ಲ ಒಬ್ಬನ ಕೈಯಲ್ಲಿ, ಬೊಕ್ಕಸವೆಲ್ಲ ಒಬ್ಬನ ಕೈಯಲ್ಲಿ. ಆದರೂ ಬಡವನ ಕಂಚಿನ ಮೇಲೆ ಸಭೆಯ ಹೆಸರು ಉಳಿಯಿತು. ಗಣರಾಜ್ಯವು ಅಳಿದಿಲ್ಲವೆಂಬ ಭ್ರಮೆ ಎಲ್ಲಿ ಅವಶ್ಯವೋ ಅಲ್ಲಿ ಅದನ್ನು ಅಚ್ಚುಹಾಕಲಾಯಿತು. ವಾಚ್ಯದಲ್ಲಿ ಸಭೆ, ವ್ಯಂಗ್ಯದಲ್ಲಿ ಚಕ್ರವರ್ತಿ.

ನೀರೋ ಚಕ್ರವರ್ತಿಯ ಕಂಚಿನ ಮೇಲೆ ಜಾನಸ್ ದೇವರ ಗುಡಿಯ ಮುಚ್ಚಿದ ಬಾಗಿಲುಗಳುಂಟು. ಎಲ್ಲೆಡೆ ಯುದ್ಧ ನಿಂತಾಗ ಮಾತ್ರ ಆ ಬಾಗಿಲನ್ನು ಮುಚ್ಚುವ ಸಂಪ್ರದಾಯ. ನೆಲಜಲಗಳಲ್ಲಿ ಶಾಂತಿಯನ್ನು ತಂದೆನೆಂದು ಸಾರಿದ ಆ ನಾಣ್ಯದ ಕಾಂತಿ ಮಾಸುವ ಮೊದಲೇ, 68ರಲ್ಲಿ, ದಂಗೆಯ ನಡುವೆ ಆತನು ಆತ್ಮಹತ್ಯೆ ಮಾಡಿಕೊಂಡನು. ವೆಸ್ಪೇಸಿಯನನು 71ರಲ್ಲಿ ಯೂದಾಯದ ಜಯವನ್ನು ಕಂಚಿನ ಮೇಲೆ ಬರೆಯಿಸಿದನು: ಖರ್ಜೂರದ ಮರದ ಕೆಳಗೆ ತಲೆ ತಗ್ಗಿಸಿ ಕುಳಿತ ಒಬ್ಬ ಹೆಂಗಸು. ಸೋತ ನಾಡಿನ ದುಃಖವನ್ನು ಗೆದ್ದವನು ತನ್ನ ಸಂತೆಯ ಚಿಲ್ಲರೆಯಾಗಿ ಹಂಚಿದ ಈ ದೃಷ್ಟಾಂತವು ಕಲೆಯಲ್ಲಿ ಶ್ರೇಷ್ಠ, ಔದಾರ್ಯದಲ್ಲಿ ಶೂನ್ಯ.

ರೋಮದ ಕಂಚಿಗೆ ಒಂದು ದೌರ್ಬಲ್ಯವೂ ಇತ್ತು. ಅದು ಮುಖದ ದೌರ್ಬಲ್ಯ. ಮುಂಬದಿಯಲ್ಲಿ ಆಳುವವನ ತಲೆ, ಸುತ್ತಲೂ ಆತನ ಬಿರುದಾವಳಿ. ಕ್ಯಾಲಿಗುಲನು 41ರಲ್ಲಿ ಕೊಲೆಯಾದನು. ಎರಡು ವರುಷಗಳ ಮೇಲೆ, ಆತನ ಮುಖವುಳ್ಳ ಕಂಚನ್ನೆಲ್ಲ ಕರಗಿಸಬೇಕೆಂದು ಸೆನೇಟ ಸಭೆಯು ನಿರ್ಣಯಿಸಿತೆಂದು ಇತಿಹಾಸಕಾರನಾದ ಡಿಯೋ ಬರೆದಿರುವನು. ಎಲ್ಲವೂ ಕರಗಲಿಲ್ಲ, ಅನೇಕವು ಉಳಿದು ಇಂದಿಗೂ ದೊರೆಯುವವು. ಆದರೂ ವ್ಯಕ್ತಿಯ ಮೇಲಿನ ದ್ವೇಷವು ಲೋಹದ ಮೇಲೆ ತಿರುಗಿತೆಂಬುದು ಗಮನಿಸತಕ್ಕ ಸಂಗತಿ. ಇದಕ್ಕೆ ಕೆಲವೇ ವರುಷ ಮೊದಲು ಟೈಬೀರಿಯಸನು, ದೇವತ್ವಕ್ಕೇರಿಸಿದ ಆಗಸ್ಟಸನ ಪ್ರತಿಮೆಯನ್ನು ನಾಲ್ಕು ಆನೆಗಳ ರಥದಲ್ಲಿ ಕೂಡ್ರಿಸಿ ಕಂಚಿನ ದೊಡ್ಡ ನಾಣ್ಯವನ್ನು ಹೊರಡಿಸಿದ್ದನು. ಅಲ್ಲಿ ಆನೆಯು ಸೇವಕ, ಮನುಷ್ಯನು ಸೇವ್ಯ. ಆನೆಯೇ ನಾಣ್ಯದ ನಾಯಕನಾದದ್ದನ್ನು ಕಾಣಬೇಕಾದರೆ ಕನ್ನಡ ನಾಡಿಗೆ ಬರಬೇಕು.

ರೋಮದ ನಾಣ್ಯಗಳು ಕನ್ನಡ ನೆಲಕ್ಕೂ ಬಂದಿದ್ದವು. ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿಯೂ ವ್ಹೀಲರ್ ಅವರು 1947ರಲ್ಲಿಯೂ ಅಗೆಯಿಸಿದ ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಹಾನಗಲ್ಲ ಸೀಮೆಯ ಅಕ್ಕಿಆಲೂರಿನಲ್ಲಿ ಬಂಗಾರದವು ದೊರೆತಿವೆ. ಬಂದದ್ದು ಬೆಳ್ಳಿ ಬಂಗಾರ, ವ್ಯಾಪಾರದ ಸಲುವಾಗಿ, ತೂಕದ ಸರಕಾಗಿ. ಆಗಸ್ಟಸನ ಮುಖವನ್ನು ನೋಡಿ ಇಲ್ಲಿಯ ವರ್ತಕನು ಲೋಹವನ್ನು ಬೆಲೆಕಟ್ಟಿದನೇ ಹೊರತು ಆಜ್ಞೆಯನ್ನು ಓದಲಿಲ್ಲ. ನಾಣ್ಯದ ರಾಜಕೀಯವು ಅದನ್ನು ಹೊರಡಿಸಿದವನ ಗಡಿಯಲ್ಲಿಯೇ ನಿಲ್ಲುವದು. ಗಡಿ ದಾಟಿದ ಮೇಲೆ ಅದು ಬರಿಯ ಲೋಹ.

ಹಾಗಾದರೆ ಈ ಸೀಮೆಯ ಸ್ವಂತ ಟಂಕಗಳ ಮಾತೇನು? ರೋಣ, ನರಗುಂದ, ಗಜೇಂದ್ರಗಡಗಳ ನೆಲದಲ್ಲಿ ಅದಕ್ಕೆ ಎರಡು ಅಧ್ಯಾಯಗಳುಂಟು. ಮೊದಲನೆಯದು ಸೂಡಿಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಹನ್ನೊಂದನೆಯ ಶತಮಾನದಲ್ಲಿ, ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಹೆಸರಿನೊಡನೆ ಬೆಳಗಿದ ಊರದು. ಲಕ್ಕುಂಡಿಯಂತೆ ಸೂಡಿಯಲ್ಲಿಯೂ ಆ ಅರಸರ ಕಮ್ಮಟವಿತ್ತು. ತೆಳುವಾದ ಅಗಲವಾದ ಬಂಗಾರದ ತಗಡು. ಅದರ ಮೇಲೆ ಬೇರೆ ಬೇರೆ ಅಚ್ಚುಗಳಿಂದ ಒತ್ತಿದ ಸಿಂಹ, ಕಮಲ, ಭಲ್ಲೆಯ ಮೊನೆ, ಕನ್ನಡದ ಶ್ರೀಕಾರ, ಅರಸನ ಬಿರುದು. ಒಂದನೆಯ ಸೋಮೇಶ್ವರನ ಟಂಕದಲ್ಲಿ ತ್ರೈಲೋಕ್ಯಮಲ್ಲನೆಂಬ ಬಿರುದಿನ ಅಕ್ಷರಗಳಿವೆ. ಮುಖವಿಲ್ಲ, ಹೆಸರಿಗಿಂತ ಬಿರುದೇ ಮುಂದು. ಗದ್ಯಾಣವೊಂದು 96 ಗ್ರೇನ್ ತೂಗುವ ಬಂಗಾರ. ಅದು ದೇವಸ್ಥಾನದ ದತ್ತಿಗೆ, ಸೆಟ್ಟಿಗಳ ವ್ಯವಹಾರಕ್ಕೆ ಒಪ್ಪುವ ನಾಣ್ಯ. ಹಸುಬೆಯಲ್ಲಿ ಜೋಳ ಹೊತ್ತು ಸಂತೆಗೆ ಬಂದವನ ನಾಣ್ಯವಲ್ಲ. ಸೂಡಿಯ ಟಂಕವು ಪ್ರೌಢಕಾವ್ಯ. ಅದರ ವಾಚಕರು ಮಿತ.

ಎರಡನೆಯ ಅಧ್ಯಾಯವು ತಾಮ್ರದ್ದು. ಅದರ ಹಿನ್ನೆಲೆಯನ್ನು ತಿಳಿಯಬೇಕಾದರೆ ನರಗುಂದದ ಗುಡ್ಡವನ್ನು ಹತ್ತಬೇಕು. ಹೈದರ ಅಲಿಯು ಕೃಷ್ಣೆಯ ವರೆಗಿನ ಸೀಮೆಯನ್ನು ವಶಪಡಿಸಿಕೊಂಡಾಗ ನರಗುಂದದ ಭಾವೆ ಮನೆತನದವರು ಆತನಿಗೆ ಕಪ್ಪ ಕೊಡುವ ಮಾಂಡಲಿಕರಾದರು. ಆತನ ತರುವಾಯ ಟೀಪು ಸುಲ್ತಾನನು ಕಪ್ಪವನ್ನು ಹೆಚ್ಚಿಸಿದನು. ಸಂಸ್ಥಾನಿಕನಾದ ವೆಂಕಟರಾಯನೂ ಆತನ ಕಾರಭಾರಿ ಕಾಳೋಪಂತನೂ ಪುಣೆಯ ಆಶ್ರಯವನ್ನು ನಂಬಿ ಒಪ್ಪದಾದರು. 1785ರಲ್ಲಿ ಬುರ್ಹಾನುದ್ದೀನನ ಸೈನ್ಯವು ಗಡವನ್ನು ಮುತ್ತಿ ಹಿಡಿಯಿತು. ಕೋಟೆಯೊಳಗಿನವರು ಅಭಯವನ್ನು ಪಡೆದು ಶರಣಾದರೆಂದೂ ಆ ಅಭಯವು ನಿಲ್ಲಲಿಲ್ಲವೆಂದೂ ಈ ಪ್ರಾಂತದ ಇತಿಹಾಸವನ್ನು ಬರೆದವರು ಹೇಳುವರು. ಸಂಸ್ಥಾನಿಕನೂ ಕಾರಭಾರಿಯೂ ಮೈಸೂರು ಸೀಮೆಯಲ್ಲಿ ಸೆರೆಯಾದರು. ಮುಂದಿನ ವರುಷ ಪೇಶವೆ ಮತ್ತು ನಿಜಾಮರ ಕೂಡುಸೈನ್ಯವು ಬಾದಾಮಿಯನ್ನು ಹಿಡಿಯಿತು, ಗಜೇಂದ್ರಗಡವನ್ನೂ ಹಿಡಿಯಿತು. 1787ರಲ್ಲಿ ಅದೇ ಗಜೇಂದ್ರಗಡದ ಹೆಸರಿನಿಂದ ಪ್ರಸಿದ್ಧವಾದ ಒಪ್ಪಂದವಾಯಿತು. ನರಗುಂದ, ಕಿತ್ತೂರುಗಳನ್ನು ತಿರುಗಿ ಕೊಡಬೇಕು, ಬಾದಾಮಿಯನ್ನು ಮರಾಠರಿಗೆ ಬಿಡಬೇಕು, ಕಾಳೋಪಂತನನ್ನು ಬಿಡುಗಡೆ ಮಾಡಬೇಕು ಎಂದು ಟೀಪುವು ಒಪ್ಪಿದನು. ಆತನನ್ನು ನವಾಬನೆಂದು ಸಂಬೋಧಿಸಲು ಮರಾಠರು ಒಪ್ಪಿದರು. ಎಷ್ಟು ಊರು, ಎಷ್ಟು ಹಣ ಎಂಬ ಚರ್ಚೆಯೊಡನೆ ಎಂಥ ಬಿರುದು ಎಂಬ ಚರ್ಚೆಯೂ ನಡೆಯಿತೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಈ ಯುದ್ಧ ನಡೆದ ವರುಷಗಳಲ್ಲಿಯೇ ಟೀಪುವಿನ ಟಂಕಶಾಲೆಗಳು ವಿಶೇಷ ಚುರುಕಿನಿಂದ ನಡೆದವು. ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕವು ನಾಣ್ಯಗಳ ಮೇಲೆ ಬಂದದ್ದು ಒಪ್ಪಂದದ ಕಾಲದಲ್ಲಿಯೇ. ವರುಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದೂ ಹೊಸ ಕಟ್ಟಳೆ. ಊರುಗಳಿಗೂ ಹೊಸ ಹೆಸರು: ಚಿತ್ರದುರ್ಗಕ್ಕೆ ಫರ್ರುಖ್ಯಾಬ್ ಹಿಸಾರ್, ಗುತ್ತಿಗೆ ಫೈಜ್ ಹಿಸಾರ್, ಧಾರವಾಡಕ್ಕೆ ಖುರ್ಷೀದ್ ಸವಾದ್. 1791ರಲ್ಲಿ ಮರಾಠರೂ ಇಂಗ್ರೇಜರೂ ಕೂಡಿ ಧಾರವಾಡದ ಕೋಟೆಯನ್ನು ಹಿಡಿದದ್ದರಿಂದ ಅಲ್ಲಿಯ ಟಂಕಶಾಲೆಯ ಆಯುಷ್ಯ ಅತ್ಯಲ್ಪ. ಈ ನಾಣ್ಯಗಳ ವಿಷಯದಲ್ಲಿ ಹೆಂಡರ್ಸನ್ನರು 1921ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ಗ್ರಂಥವು ಆಧಾರಗ್ರಂಥವೆಂದು ಮಾನ್ಯವಾಗಿದೆ.

ಈಗ ನಾಣ್ಯವನ್ನೇ ನೋಡುವಾ. ತಾಮ್ರದ ದುಡ್ಡಿನ ಮುಂಬದಿಯಲ್ಲಿ ಒಂದು ಆನೆ. ಕೆಲವು ಅಚ್ಚುಗಳಲ್ಲಿ ಬಲಕ್ಕೆ, ಕೆಲವುಗಳಲ್ಲಿ ಎಡಕ್ಕೆ ಮೋರೆ ಮಾಡಿದೆ, ಕೆಲವುಗಳಲ್ಲಿ ಸೊಂಡಿಲನ್ನೆತ್ತಿದೆ, ಇಮ್ಮಡಿ ದುಡ್ಡಿನಲ್ಲಿ ಧ್ವಜವನ್ನು ಹೊತ್ತಿರುವದೂ ಉಂಟು. ಹಿಂಬದಿಯಲ್ಲಿ ಪಾರಸಿ ಅಕ್ಷರಗಳಲ್ಲಿ ಟಂಕಶಾಲೆಯ ಹೆಸರು, ದುಡ್ಡಿನ ಹೆಸರು. ದುಡ್ಡಿಗೆ ಜೋಹ್ರಾ ಎಂದು ಹೆಸರು, ಅಂದರೆ ಶುಕ್ರ. ಅರ್ಧಕ್ಕೆ ಬಹ್ರಾಮ್, ಅಂದರೆ ಮಂಗಳ. ಕಾಲಿಗೆ ಅಖ್ತರ್, ಅಂದರೆ ನಕ್ಷತ್ರ. ಅರೆಕಾಲಿಗೆ ಕುತ್ಬ್, ಅಂದರೆ ಧ್ರುವ. ಇಮ್ಮಡಿ ದುಡ್ಡಿಗೆ ಮೊದಲು ಉಸ್ಮಾನಿ ಎಂದು ಖಲೀಫನೊಬ್ಬನ ಹೆಸರಿದ್ದದ್ದು ತರುವಾಯ ಮುಷ್ತರಿ, ಅಂದರೆ ಗುರು ಎಂದಾಯಿತು. ಬಂಗಾರ ಬೆಳ್ಳಿಗಳಿಗೆ ಪ್ರವಾದಿಯ, ಖಲೀಫರ, ಇಮಾಮರ ಹೆಸರುಗಳು; ತಾಮ್ರಕ್ಕೆ ಆಕಾಶದ ಜ್ಯೋತಿಗಳ ಹೆಸರುಗಳು. ಚಿಲ್ಲರೆಯ ಚೀಲವನ್ನು ಬಿಚ್ಚಿದರೆ ಗ್ರಹಮಂಡಲವು ಉರುಳುವಂತೆ ಮಾಡಿದ ಕಲ್ಪನೆಗೆ ಯಾವ ರಸಿಕನಾದರೂ ತಲೆದೂಗದಿರಲಾರನು.

ಬಂಗಾರ ಬೆಳ್ಳಿಗಳ ಮೇಲೆ ಆನೆಯಿಲ್ಲ, ಅಕ್ಷರಗಳೇ ಎಲ್ಲ. ಹೈದರನ ಜಯದಿಂದ ಅಹಮದನ ಧರ್ಮವು ಬೆಳಗಿತೆಂಬ ಭಾವದ ಪಾರಸಿ ವಾಕ್ಯವು ಒಂದು ಬದಿಯಲ್ಲಿ. ಅವನೊಬ್ಬನೇ ನ್ಯಾಯವಂತನಾದ ಸುಲ್ತಾನನು ಎಂಬರ್ಥದ ಅರಬ್ಬಿ ವಾಕ್ಯವು ಇನ್ನೊಂದು ಬದಿಯಲ್ಲಿ. ಅವನೆಂದರೆ ಯಾರು? ಮೇಲಿರುವ ದೇವನೋ, ಸಿಂಹಾಸನದ ಮೇಲಿರುವ ಮನುಷ್ಯನೋ? ಎರಡರ್ಥಕ್ಕೂ ಎಡೆಗೊಡುವ ಈ ಶ್ಲೇಷವು ಬುದ್ಧಿಪೂರ್ವಕವಾದದ್ದೇ ಸರಿ. ದಿಲ್ಲಿಯ ಬಾದಶಹನ ಹೆಸರು ಎಲ್ಲಿಯೂ ಇಲ್ಲ. ತಂದೆಯ ಹೆಸರುಂಟು; ಟೀಪು ಎಂಬ ಹೆಸರು ಮಾತ್ರ ಯಾವ ಲೋಹದ ಮೇಲೆಯೂ ಇಲ್ಲ. ಗಜೇಂದ್ರಗಡದ ಕಾಗದದಲ್ಲಿ ನವಾಬನೆಂಬ ಶಬ್ದಕ್ಕಾಗಿ ಹೋರಾಡಿದವನು ತನ್ನ ನಾಣ್ಯದ ಮೇಲೆ ಹೆಸರನ್ನೇ ಬರೆಯಿಸಲಿಲ್ಲ. ಇಲ್ಲಿಯ ವ್ಯಂಗ್ಯವಿದು: ಬಿರುದು ಇತರರು ಕೊಡುವಂಥದು, ಇತರರು ಕೊಟ್ಟದ್ದನ್ನು ಇತರರು ಕಸಿಯಬಲ್ಲರು. ದಿಲ್ಲಿಯಿಂದಾಗಲಿ ಪುಣೆಯಿಂದಾಗಲಿ ಪಡೆಯದ ಅಧಿಕಾರವನ್ನು ಮೌನದಿಂದಲೇ ಹೇಳಬೇಕಾಯಿತು.

ತಾಮ್ರದ ಆನೆಯನ್ನು ಕುರಿತು ಎರಡು ಮತಗಳು ಕೇಳಬರುವವು. ಅದು ದಂಡಿನ ಆನೆ, ಎದುರಾದವರನ್ನು ತುಳಿಯುವೆನೆಂಬ ಬೆದರಿಕೆ ಎಂಬುದು ಒಂದು. ನರಗುಂದದ ಕಥೆಯನ್ನು ನೆನೆಯುವವರಿಗೆ ಈ ಮತವು ಸಹಜವಾಗಿ ಹಿಡಿಸುವದು. ಅದು ಕೇವಲ ಅನುಕರಣ, ಹಳೆಯ ಅಚ್ಚನ್ನು ಮುಂದುವರಿಸಿದ ಸೋಮಾರಿತನ ಎಂಬುದು ಇನ್ನೊಂದು. ಎರಡನೆಯ ಮತಕ್ಕೆ ಇತಿಹಾಸದ ಆಧಾರ ಹೆಚ್ಚು. ಗಂಗರವೆನ್ನುವ ಬಂಗಾರದ ಟಂಕಗಳಲ್ಲಿ ಆನೆಯುಂಟು. ಗಜಬೇಂಟೆಕಾರನೆಂದು ಬಿರುದಾಂತನಾದ ವಿಜಯನಗರದ ದೇವರಾಯನ ತಾಮ್ರದಲ್ಲಿ ಆನೆಯುಂಟು. ಮೈಸೂರ ಒಡೆಯರವೆನ್ನುವ ಚಿಕ್ಕ ಆನೆಕಾಸುಗಳ ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಕನ್ನಡದ ಅಂಕಿಗಳುಂಟು. ಹೈದರನೂ ತನ್ನ ಕೊನೆಯ ವರುಷಗಳಲ್ಲಿ ತಾಮ್ರದ ಮೇಲೆ ಆನೆಯನ್ನು ಇಡಿಸಿದನು. ಆತನು ಬಂಗಾರದ ವರಹದ ಮೇಲೆ ಇಕ್ಕೇರಿಯವರ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಮಾತ್ರ ಬರೆಯಿಸಿದನು.

ಆದರೆ ಅನುಕರಣವೆಂದೊಡನೆ ವಿಮರ್ಶೆಯು ಮುಗಿಯುವದಿಲ್ಲ. ಶಕವನ್ನು ಬದಲಿಸಿದವನು, ಅಂಕಿಗಳ ದಿಕ್ಕನ್ನೇ ತಿರುಗಿಸಿದವನು, ಊರುಗಳಿಗೂ ನಾಣ್ಯಗಳಿಗೂ ಹೊಸ ನಾಮಕರಣ ಮಾಡಿದವನು, ತಂದೆಯು ಉಳಿಸಿದ ಶಿವಪಾರ್ವತಿಯರನ್ನು ವರಹದಿಂದ ಇಳಿಸಿದವನು — ಇಂಥ ಅರಸನು ಸೋಮಾರಿತನದಿಂದ ಆನೆಯನ್ನು ಬಿಟ್ಟನೆಂದರೆ ನಂಬುವವರಾರು? ಆತನ ಸ್ವಂತ ಲಾಂಛನವು ಹುಲಿ. ಸಿಂಹಾಸನದಲ್ಲಿ ಹುಲಿ, ಸೈನಿಕರ ಉಡುಪಿನಲ್ಲಿ ಹುಲಿಯ ಪಟ್ಟೆ, ಆಯುಧಗಳ ಹಿಡಿಯಲ್ಲಿ ಹುಲಿಯ ಮೋರೆ. ಆದರೂ ನಾಡಿಗೆಲ್ಲ ಹಬ್ಬಿದ ದುಡ್ಡಿನ ಮೇಲೆ ನಿಂತದ್ದು ಹುಲಿಯಲ್ಲ, ಆನೆ. ಹುಲಿಯು ಅರಸನದಾಗಿತ್ತು, ಆನೆಯು ನಾಡಿನದಾಗಿತ್ತು. ಪಾರಸಿಯನ್ನು ಓದಲರಿಯದ ಒಕ್ಕಲಿಗನಿಗೆ, ಕನ್ನಡವನ್ನೂ ಓದಲರಿಯದ ಹೆಣ್ಣುಮಗಳಿಗೆ ಈ ದುಡ್ಡು ಸರಿಯಾದದ್ದೆಂಬ ನಂಬಿಕೆಯನ್ನು ಕೊಟ್ಟದ್ದು ಆ ಆನೆಯೇ. ಗುಡಿಯ ಗೋಡೆಯ ಸಾಲಿನಲ್ಲಿ, ಗಜಲಕ್ಷ್ಮಿಯ ಎರಡು ಬದಿಗಳಲ್ಲಿ, ಜಾತ್ರೆಯಲ್ಲಿ, ದೂರದಿಂದ ಆನೆಯಂತೆಯೇ ತೋರುವ ಗಜೇಂದ್ರಗಡದ ಗುಡ್ಡದಲ್ಲಿ ಅವರು ಅದನ್ನು ಕಂಡವರು. ಅರಸನು ಎಲ್ಲವನ್ನೂ ಬದಲಿಸಬಲ್ಲನು. ಆದರೆ ತಾಮ್ರದ ಮೇಲೆ ಪ್ರಜೆಗಳಿಗೆ ತಿಳಿದ ಭಾಷೆಯಲ್ಲಿಯೇ ಮಾತಾಡಬೇಕು. ಈ ನಾಣ್ಯದ ಮುಖ್ಯಾರ್ಥವು ಇದು.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಹಿಂಬದಿಯ ಗ್ರಹನಾಮಗಳು ರಮ್ಯ. ಆದರೆ ಅವು ಅಪ್ರತೀತದೋಷದಿಂದ ದೂಷಿತ. ಶಾಸ್ತ್ರದಲ್ಲಿ ಮಾತ್ರ ಪ್ರಸಿದ್ಧವಾದ ಶಬ್ದವನ್ನು ಲೋಕಕ್ಕೆ ಹೇಳುವ ಮಾತಿನಲ್ಲಿ ಬಳಸಿದರೆ ಬರುವ ದೋಷವದು. ಸಂತೆಯಲ್ಲಿ ಯಾವನೂ ಜೋಹ್ರಾ ಕೊಡು, ಬಹ್ರಾಮ್ ತಕ್ಕೋ ಎಂದಿರಲಾರನು. ಜನರಿಗೆ ಅದು ಆನೆಕಾಸು. ಕವಿಯ ಹೃದಯವು ಹಿಂಬದಿಯಲ್ಲಿ ಉಳಿಯಿತು, ಕೇಳುವವರ ಹೃದಯವು ಮುಂಬದಿಯಲ್ಲಿ. ಈ ಎರಡರ ನಡುವಿನ ಅಂತರವು ಒಂದು ದುಡ್ಡಿನ ದಪ್ಪದಷ್ಟೇ. ಆದರೂ ಆ ರಾಜ್ಯದ ಆಯುಷ್ಯವು ಮುಗಿಯುವ ವರೆಗೂ ಅದನ್ನು ದಾಟಲಾಗಲಿಲ್ಲ.

ಎರಡನೆಯ ದೋಷವು ಇದಕ್ಕಿಂತ ಹಿರಿದು. ಅದು ಶಬ್ದದ್ದಲ್ಲ, ಔಚಿತ್ಯದ್ದು. ಬೆಳ್ಳಿಯ ಮೇಲೆ ನ್ಯಾಯವಂತನಾದ ಸುಲ್ತಾನನೆಂದು ಬರೆಯಿಸಿದ ವರುಷಗಳಲ್ಲಿಯೇ ನರಗುಂದದವರಿಗೆ ಕೊಟ್ಟ ಅಭಯವು ಮುರಿಯಿತೆಂಬ ಅಪವಾದವು ಬಂದಿತು. ಜಾನಸ್ ಗುಡಿಯ ಬಾಗಿಲನ್ನು ಮುಚ್ಚಿದ ನೀರೋ, ಸಭೆಯ ಹೆಸರಿನಲ್ಲಿ ಏಕಾಧಿಪತ್ಯವನ್ನು ನಡೆಯಿಸಿದ ಆಗಸ್ಟಸ್ ಇವರ ಕಂಚಿಗೆ ಹಾಕಿದ ಒರೆಯನ್ನೇ ಇಲ್ಲಿಯೂ ಹಾಕಬೇಕು. ದೇಶಾಭಿಮಾನದಿಂದ ಒರೆಗಲ್ಲನ್ನು ಬದಲಿಸಬಾರದು. ಮುದ್ರೆಯು ಪ್ರತಿಜ್ಞೆಯಾಗಿರುವದು, ಪ್ರತಿಜ್ಞೆಯು ಸತ್ಯವೋ ಅಲ್ಲವೋ ಎಂಬುದನ್ನು ಮುದ್ರೆಯಿಂದ ತಿಳಿಯಲಾಗದು, ಮುತ್ತಿಗೆ ಬಿದ್ದ ಊರಿನಿಂದ ತಿಳಿಯಬೇಕು. ಅದೇ ನ್ಯಾಯದಿಂದ ಇಂಗ್ರೇಜರ ಮುದ್ರೆಯನ್ನೂ ನೋಡತಕ್ಕದ್ದು. 1799ರ ಶ್ರೀರಂಗಪಟ್ಟಣದ ಜಯದ ಸ್ಮಾರಕವಾಗಿ ಅವರು ಮಾಡಿಸಿದ ಪದಕದಲ್ಲಿ ಬ್ರಿಟಿಷ್ ಸಿಂಹವು ಹುಲಿಯನ್ನು ಕೆಡವಿ ಮೆಟ್ಟಿರುವದು. ಖರ್ಜೂರದ ಕೆಳಗಿನ ಯೂದಾಯದ ಹೆಂಗಸಿನ ವಂಶದ್ದೇ ಈ ಹುಲಿ. ಗೆದ್ದವರು ಕಂಡದ್ದು ಅರಸನ ಹುಲಿಯನ್ನು. ನಾಡಿನ ಆನೆಯು ಅವರ ಕಣ್ಣಿಗೆ ಬೀಳಲಿಲ್ಲ.

ಬೀಳದ್ದರಿಂದಲೇ ಅದು ಬದುಕಿತು. ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದು ಪೂರ್ಣಯ್ಯನವರು ದಿವಾನಗಿರಿಯನ್ನು ನಡೆಯಿಸಿದಾಗ ತಾಮ್ರದ ಮೇಲೆ ಅದೇ ಆನೆ ನಿಂತಿತು. ಮೇಲೆ ಸೂರ್ಯಚಂದ್ರರು ಬಂದರು. ಮುಂದೆ ಶ್ರೀಕಾರ ಬಂದಿತು, ಚಾಮುಂಡಿಯ ಹೆಸರು ಬಂದಿತು. ಕಡೆಗೆ ಆನೆಯ ಎಡೆಗ ಸಿಂಹವು ಬಂದಿತು. 1843ರಲ್ಲಿ ಟಂಕಶಾಲೆಯೇ ಮುಚ್ಚಿತು. ಕ್ಯಾಲಿಗುಲನ ಕಂಚು ಅವನ ಮುಖದ ದೆಸೆಯಿಂದ ಕುಲುಮೆಗೆ ಹೋಯಿತು. ಟೀಪುವಿನ ಶತ್ರುಗಳಿಗೂ ಮಿತ್ರರಿಗೂ ಆನೆಯ ಮೇಲೆ ದ್ವೇಷವಿರಲಿಲ್ಲ, ಏಕೆಂದರೆ ಅದು ಯಾರ ಮುಖವೂ ಆಗಿರಲಿಲ್ಲ. ಅರಸರು ಬದಲಾದರು, ಲಿಪಿ ಬದಲಾಯಿತು, ದೇವರ ಹೆಸರು ಬದಲಾಯಿತು. ಮುಖವಿಲ್ಲದ ಮುದ್ರೆಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು.

ಇತ್ತ ನರಗುಂದ, ರೋಣಗಳ ಸೀಮೆಗೆ ಕಂಪನಿ ಸರಕಾರದ ದುಡ್ಡು ಬಂದಿತು. 1835ರ ಕಾಯದೆಯಂತೆ ಹೊರಟ ತಾಮ್ರದ ಕಾಲಾಣೆಯ ಮೇಲೆ ಮುಖವಿರಲಿಲ್ಲ. ಕಂಪನಿಯ ಲಾಂಛನವಾದ ಎರಡು ಸಿಂಹಗಳು, ಅವುಗಳ ಕೆಳಗೆ ಲ್ಯಾಟಿನ್ ಭಾಷೆಯ ವಾಕ್ಯ. ಇಂಗ್ಲಂಡದ ಅರಸನ ಮತ್ತು ಸೆನೇಟಿನ ಆಶ್ರಯದಲ್ಲಿ ಎಂದು ಅದರ ಅರ್ಥ. ಆಗಸ್ಟಸನು ಎರಡೇ ಅಕ್ಷರಗಳಲ್ಲಿ ಹೇಳಿದ್ದನ್ನು ವರ್ತಕರ ಮಂಡಳಿಯು ಸಾವಿರದ ಎಂಟುನೂರು ವರುಷಗಳ ಮೇಲೆ ವಾಕ್ಯವಾಗಿ ಹೇಳಿತು. ನರಗುಂದದ ರೈತನಿಗೆ ಅದರ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಆಶ್ರಯವೆಂದರೇನೆಂಬುದನ್ನು ಆತನು ಬೇರೊಂದು ರೀತಿಯಿಂದ ತಿಳಿದನು. ಸಂಸ್ಥಾನಿಕನಾದ ಭಾಸ್ಕರರಾವ ಭಾವೆ, ಎಂದರೆ ಬಾಬಾಸಾಹೇಬನು, ದತ್ತಕಕ್ಕೆ ಅನುಮತಿಯನ್ನು ಬೇಡಿದನು, ದೊರೆಯಲಿಲ್ಲ. 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಇಂಗ್ರೇಜ ಅಧಿಕಾರಿ ಮ್ಯಾನ್ಸನ್ ಕೊಲೆಯಾದನು. ಜೂನ್ ಆರಂಭದಲ್ಲಿ ನರಗುಂದವು ಬಿದ್ದಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅದೇ ವರುಷ ಕಂಪನಿಯ ಆಳಿಕೆಯೂ ಮುಗಿಯಿತು. 1862ರಿಂದ ತಾಮ್ರದ ಮೇಲೆಯೂ ರಾಣಿಯ ಮುಖವು ಬಂದಿತು. ಅಲ್ಲಿಯ ವರೆಗೆ ರೂಪಾಯಿಯ ಮೇಲಷ್ಟೇ ಇದ್ದ ಮುಖವು ಕೂಲಿಯವನ ಅಂಗೈಗೆ ಇಳಿಯಿತು. ದಂಗೆಯ ತರುವಾಯ ಪ್ರಜೆಗಳು ತಮ್ಮ ಒಡೆಯರಾರೆಂಬುದನ್ನು ದಿನಾಲು ನೋಡಲೆಂಬುದು ಅದರ ವ್ಯಂಗ್ಯಾರ್ಥ.

ಮುಖದ ಮುದ್ರೆಯಲ್ಲಿ ಆನೆಯು ಒಮ್ಮೆ ಮಾತ್ರ ಇಣಿಕಿ ನೋಡಿ ಎಡವಿದ್ದೂ ಉಂಟು. 1911ರಲ್ಲಿ ಐದನೆಯ ಜಾರ್ಜನ ನಾಣ್ಯಗಳು ಹೊರಬಂದಾಗ ಆತನ ನಿಲುವಂಗಿಯ ಮೇಲಿನ ಪದಕಮಾಲೆಯ ಆನೆಯು ಮೊಂಡು ಸೊಂಡಿಲಿನಿಂದ ಹಂದಿಯಂತೆ ಕಂಡಿತು. ಜನರು ಕೆರಳಿದರು, ಸರಕಾರವು ನಾಣ್ಯಗಳನ್ನು ಹಿಂದಕ್ಕೆ ಕರೆದು 1912ರಲ್ಲಿ ಸೊಂಡಿಲನ್ನು ತಿದ್ದಿಸಿತು. ಅಂಗಿಯ ಅಂಚಿನ ಅಷ್ಟು ಚಿಕ್ಕ ಚಿತ್ರವನ್ನು ಜನರು ನೋಡಲಾರರೆಂದು ಅಚ್ಚು ಕೊರೆದವರು ಭಾವಿಸಿರಬೇಕು. ಜನರಾದರೋ ಅರಸನ ಮುಖವನ್ನು ಬಿಟ್ಟು ಆನೆಯನ್ನೇ ನೋಡಿದರು. ಈ ನಾಡಿನಲ್ಲಿ ಆನೆಯನ್ನು ತಪ್ಪಾಗಿ ಬರೆದವನಿಗೆ ಕ್ಷಮೆಯಿಲ್ಲ.

1950ರ ಆಗಸ್ಟ 15ರಂದು ಗಣರಾಜ್ಯದ ಮೊದಲ ನಾಣ್ಯಗಳು ಚಲಾವಣೆಗೆ ಬಂದವು. ಎಲ್ಲಕ್ಕೂ ಕಿರಿದಾದದ್ದು ಕಂಚಿನ ಒಂದು ಪೈಸೆ: ಒಂದು ಬದಿಯಲ್ಲಿ ಅಶೋಕನ ಸಿಂಹಸ್ತಂಭ, ಇನ್ನೊಂದು ಬದಿಯಲ್ಲಿ ಓಡುವ ಕುದುರೆ. ಮುಖವಿಲ್ಲ. ಆ ಕುದುರೆಯೂ ಸಾರನಾಥದ ಸ್ತಂಭದ ಪೀಠದಿಂದ ಇಳಿದು ಬಂದದ್ದು. ಆ ಪೀಠದ ಮೇಲೆ ಕುದುರೆ, ಎತ್ತು, ಸಿಂಹಗಳೊಡನೆ ಆನೆಯೂ ಉಂಟು. ಸಭೆಯ ಹೆಸರನ್ನು ಬರೆದು ಚಕ್ರವರ್ತಿಯ ತಲೆಯನ್ನು ಕೆತ್ತಿದ ರೋಮದ ಕಂಚಿಗೂ, ಯಾರ ತಲೆಯನ್ನೂ ಕೆತ್ತದ ಈ ಕಂಚಿಗೂ ಇರುವ ಅಂತರವು ವಿಚಾರಾರ್ಹವಾದದ್ದು. ತಲೆಯಿಲ್ಲದ ಮಾತ್ರಕ್ಕೆ ನ್ಯಾಯವು ಬಂದಿತೆಂದು ಹೇಳಲಾಗದು. ನರಗುಂದದ ಪಾಠವು ಅದು. ಆದರೆ ಮುದ್ರೆಯು ಒಬ್ಬನದಾಗದೆ ಎಲ್ಲರದಾಗಬೇಕೆಂಬ ಪ್ರತಿಜ್ಞೆಯಾದರೂ ಅಲ್ಲಿರುವದು. ತಾಮ್ರದ ಆನೆಯ ಪಾಠವು ಇದು.

ಈಗ ಉಳಿದದ್ದು ಓದುಗರ ಕರ್ತವ್ಯ. ಹಳೆಯ ಪೆಟ್ಟಿಗೆಯ ತಳದಲ್ಲಿ, ದೇವರ ಜಗುಲಿಯ ತಟ್ಟೆಯಲ್ಲಿ ಇಂಥ ದುಡ್ಡುಗಳು ಇನ್ನೂ ಉಂಟು. ಇವನ್ನು ಕಂಚುಗಾರನ ತಕ್ಕಡಿಗೆ ಹಾಕಿದರೆ ಬರುವದು ಕೆಲವು ಗುಂಜಿ ತಾಮ್ರದ ಬೆಲೆ. ಓದಿದರೆ ಬರುವದು ಸೂಡಿಯಿಂದ ಗಜೇಂದ್ರಗಡದ ವರೆಗಿನ ಒಂದು ನಾಡಿನ ಮನಸ್ಸು. ಸವೆದದ್ದೆಂದು ಬಿಸುಡಬಾರದು, ಸವೆತವೇ ಅದರ ಟೀಕೆ. ಬಂಗಾರದ ಅಕ್ಷರಗಳು ಭಂಡಾರದಲ್ಲಿ ಮಾಸದೆ ಉಳಿದವು, ಏಕೆಂದರೆ ಅವನ್ನು ಮುಟ್ಟಿದವರು ಕೆಲವರು. ತಾಮ್ರದ ಆನೆಯ ಬೆನ್ನು ನುಣುಪಾಗಿರುವದು, ಏಕೆಂದರೆ ಅದನ್ನು ಸವರಿದ ಬೆರಳುಗಳು ಅಸಂಖ್ಯ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆಯು ಈ ಚಿಕ್ಕ ಆನೆಗೂ ಸಲ್ಲಲಿ.